ಮಲೆನಾಡಿನಿಂದ ಎಂ.ಪ್ಲ್ಯಾನ್‌ಗೆ: ನಗರ ಮತ್ತು ಪ್ರಾದೇಶಿಕ ಯೋಜನೆ ಓದಬೇಕೆನ್ನುವವರಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ಸಿವಿಲ್ ಮುಗಿಸಿದವರನ್ನು ಮುಂದೇನು ಎಂದು ಕೇಳಿದರೆ ಸ್ಟ್ರಕ್ಚರ್ಸ್‌ನಲ್ಲಿ ಎಂ.ಟೆಕ್., ಇಲ್ಲವೇ ಜೆಇ ಪರೀಕ್ಷೆ ಎನ್ನುತ್ತಾರೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದವರು ಬಿ.ಎಡ್., ಕೆ-ಸೆಟ್, ಎಫ್‌ಡಿಎ ಎನ್ನುತ್ತಾರೆ. ಈ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ಓದೊಂದಿದೆ. ಅದೇ ಎರಡು ವರ್ಷದ ಎಂ.ಪ್ಲ್ಯಾನ್, ಅಂದರೆ ಯೋಜನಾ ಶಾಸ್ತ್ರದ ಸ್ನಾತಕೋತ್ತರ ಪದವಿ. ನಮ್ಮ ಕಡೆ ಇದರ ಹೆಸರು ಕೇಳಿದವರೇ ಕಡಿಮೆ.

ಮನೆ ಹೇಗಿರಬೇಕು ಎಂದು ಯೋಚಿಸುವವರು ಆರ್ಕಿಟೆಕ್ಟ್. ಅದು ಬೀಳದ ಹಾಗೆ ನೋಡಿಕೊಳ್ಳುವವರು ಎಂಜಿನಿಯರ್. ಆ ಜಾಗದಲ್ಲಿ ಮನೆ ಬರಬೇಕೋ ಗದ್ದೆಯೇ ಉಳಿಯಬೇಕೋ, ಬಂದರೆ ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಮಕ್ಕಳು ಯಾವ ದಾರಿಯಲ್ಲಿ ಶಾಲೆಗೆ ಹೋಗುತ್ತಾರೆ ಎಂದು ಕೇಳುವವರು ಪ್ಲ್ಯಾನರ್. ಊರಿನ ಮಟ್ಟದಲ್ಲಿ ಕೇಳಿದರೆ ನಗರ ಯೋಜನೆ. ಹಲವು ಊರು, ಕಾಡು, ಹೊಳೆ, ರಸ್ತೆಗಳನ್ನು ಒಟ್ಟಿಗೆ ಇಟ್ಟುಕೊಂಡು ಕೇಳಿದರೆ ಪ್ರಾದೇಶಿಕ ಯೋಜನೆ.

ಸಾಮಾನ್ಯವಾಗಿ ಸಿಗುವ ಸಲಹೆಯೆಲ್ಲ ಕಾಲೇಜುಗಳ ರ‍್ಯಾಂಕ್ ಪಟ್ಟಿಯಿಂದ ಶುರುವಾಗುತ್ತದೆ. ನಾನು ತಿರುಗಾಮುರುಗಾ ಹೇಳುತ್ತೇನೆ. ಮೊದಲು ನಿಮ್ಮ ತಾಲ್ಲೂಕಿನದ್ದೇ ಒಂದು ಪ್ರಶ್ನೆ ಹಿಡಿಯಿರಿ. ಯಾವ ಶಾಖೆ, ಯಾವ ಕಾಲೇಜು, ಕೊನೆಗೆ ಯಾವ ಥೀಸಿಸ್ ಎಂಬುದನ್ನು ಆ ಪ್ರಶ್ನೆಯೇ ತೀರ್ಮಾನಿಸಲಿ.

ಹೆಜ್ಜೆ 1: ಪ್ರಶ್ನೆ ಹಿಡಿಯುವುದು

"ಮಲೆನಾಡಿನ ಅಭಿವೃದ್ಧಿ" ಎಂಬುದು ಪ್ರಶ್ನೆಯಲ್ಲ, ಭಾಷಣದ ವಿಷಯ. ಪ್ರಶ್ನೆ ಎಂದರೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಬರಬೇಕು. ಒಂದಷ್ಟು ಉದಾಹರಣೆ ಕೊಡುತ್ತೇನೆ, ಇವನ್ನೇ ತೆಗೆದುಕೊಳ್ಳಬೇಕೆಂದಿಲ್ಲ.

ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಸುಮಾರು 2.44 ಕಿ.ಮೀ. ಉದ್ದ. ಲಿಂಗನಮಕ್ಕಿ ತುಂಬಿದ 1960ರ ದಶಕದಿಂದ ಲಾಂಚ್ ನಂಬಿಕೊಂಡಿದ್ದ ತುಮರಿ ಕಡೆಯ ಜನಕ್ಕೆ ಸಾಗರ ಈಗ ಹತ್ತಿರವಾಗಿದೆ. ಹೆರಿಗೆಗೆ ಎಲ್ಲಿಗೆ ಹೋಗುತ್ತಾರೆ, ಮಕ್ಕಳು ಊರ ಶಾಲೆ ಬಿಟ್ಟು ಪೇಟೆ ಶಾಲೆಗೆ ಸೇರುತ್ತಿದ್ದಾರೆಯೇ, ಸಿಗಂದೂರಿನ ಭಕ್ತರ ಕಾರುಗಳ ಹಿಂದೆಯೇ ಎಷ್ಟು ಹೋಂಸ್ಟೇ ಬಂದವು, ಜಾಗದ ಬೆಲೆ ಏನಾಯಿತು? ಒಂದು ದ್ವೀಪ ದ್ವೀಪವಾಗಿ ಉಳಿಯದೆ ಹೋದ ಮೊದಲ ಕೆಲವು ವರ್ಷಗಳಲ್ಲಿ ಏನೇನಾಗುತ್ತದೆ ಎಂಬುದನ್ನು ಈಗಲೇ ಬರೆದಿಡಬೇಕು. ಹತ್ತು ವರ್ಷ ಬಿಟ್ಟು ಹೋದರೆ "ಮೊದಲು ಹೇಗಿತ್ತು" ಎಂದು ಹೇಳುವವರು ಸಿಗುವುದಿಲ್ಲ.

ಭದ್ರಾವತಿ ಇನ್ನೊಂದು. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ ಸೇರಿ ಒಂದು ಊರನ್ನೇ ಕಟ್ಟಿದವು. ಒಂದು ದೊಡ್ಡ ಉದ್ದಿಮೆ ಸುತ್ತಲಿನ ಪ್ರದೇಶವನ್ನೆಲ್ಲ ಮೇಲೆತ್ತುತ್ತದೆ ಎಂಬ ಸಿದ್ಧಾಂತವನ್ನು ಫ್ರೆಂಚ್ ಅರ್ಥಶಾಸ್ತ್ರಜ್ಞ ಫ್ರಾನ್ಸ್ವಾ ಪೆರೂ 1955ರಲ್ಲಿ ಮುಂದಿಟ್ಟರು. ಉದ್ದಿಮೆ ನಿಂತಾಗ ಆ ಊರಿನ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಸಂತೆಗಳ ಗತಿಯೇನು ಎಂಬುದಕ್ಕೆ ಪುಸ್ತಕದಲ್ಲಿ ಉತ್ತರ ಕಡಿಮೆ, ಭದ್ರಾವತಿಯ ಬೀದಿಗಳಲ್ಲಿ ಹೆಚ್ಚು.

ಶಿವಮೊಗ್ಗ ನಗರವನ್ನೇ ತೆಗೆದುಕೊಳ್ಳಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. 2016ರಲ್ಲೇ ನಗರ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತ್ತು. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು, ಆ ದಿಕ್ಕಿಗೆ ಲೇಔಟ್ ಬೋರ್ಡುಗಳೂ ಹೊರಟವು. ನಗರ ಯಾವ ಕಡೆ ಬೆಳೆಯುತ್ತಿದೆ, ಆ ಕಡೆಯ ಕೆರೆ–ಕಾಲುವೆಗಳ ಸರಣಿ ಏನಾಗುತ್ತಿದೆ ಎಂಬುದು ಒಬ್ಬ ವಿದ್ಯಾರ್ಥಿ ಬಸ್ಸಿನಲ್ಲಿ ಓಡಾಡಿಯೇ ಅಳೆಯಬಹುದಾದ ಪ್ರಶ್ನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಯದು. ಬೆಟ್ಟ ಪ್ರದೇಶ ಎಂದರೆ ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಎತ್ತರ ಇರಬೇಕು ಅಥವಾ ಸರಾಸರಿ ಇಳಿಜಾರು 30 ಡಿಗ್ರಿ ಇರಬೇಕು ಎಂಬುದು ನಮ್ಮ ದೇಶದ ಯೋಜನಾ ಮಾನದಂಡಗಳಲ್ಲಿ ಬಳಕೆಯಲ್ಲಿರುವ ಲೆಕ್ಕ. ತೀರ್ಥಹಳ್ಳಿ, ಸಾಗರ ಎರಡೂ ಪೇಟೆಗಳು ಆರುನೂರರ ಗೆರೆಗೆ ಒಂದಿಷ್ಟು ಕೆಳಗೇ ನಿಲ್ಲುತ್ತವೆ! ಎತ್ತರದ ಲೆಕ್ಕದಲ್ಲಿ ಅವು ಬೆಟ್ಟದೂರಲ್ಲ. ಆದರೆ ಮಳೆಗಾಲದಲ್ಲಿ ಕುಸಿಯುವ ಧರೆಗೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆಗೆ, ಈ ಲೆಕ್ಕ ಗೊತ್ತಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಳೆ, ಜಂಬಿಟ್ಟಿಗೆ ಮಣ್ಣು, ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಧರೆಯ ಬುಡದಲ್ಲಿ ಮನೆ. ಹಾಗಾದರೆ ನಮ್ಮ ಕಡೆಗೆ ಇಳಿಜಾರಿನ ನಿಯಮ ಹೇಗಿರಬೇಕು? ಈ ಒಂದು ಪ್ರಶ್ನೆಯ ಮೇಲೆ ಎರಡು ವರ್ಷ ಕಳೆಯಬಹುದು.

ಹೆಜ್ಜೆ 2: ಪ್ರಶ್ನೆಗೆ ತಕ್ಕ ಶಾಖೆ

ಸ್ನಾತಕೋತ್ತರ ಮಟ್ಟದಲ್ಲಿ ಸಾಮಾನ್ಯವಾಗಿ ಸಿಗುವ ಶಾಖೆಗಳು ನಗರ ಯೋಜನೆ, ಪ್ರಾದೇಶಿಕ ಯೋಜನೆ, ಪರಿಸರ ಯೋಜನೆ, ಸಾರಿಗೆ ಯೋಜನೆ, ವಸತಿ. ಹಲವು ಕಡೆ ಮೊದಲೆರಡನ್ನು ಸೇರಿಸಿ "ನಗರ ಮತ್ತು ಪ್ರಾದೇಶಿಕ ಯೋಜನೆ" ಎಂದೇ ಕಲಿಸುತ್ತಾರೆ.

ತುಂಗೆಯ ನೆರೆ, ಸೋಗಾನೆ ಕಡೆಯ ಬೆಳವಣಿಗೆ ನಗರ ಯೋಜನೆಗೆ ಸೇರಿದ್ದು. ತುಮರಿ, ಭದ್ರಾವತಿ ಪ್ರಾದೇಶಿಕ. ಧರೆ ಕುಸಿತ, ಹೊಳೆ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಪಶ್ಚಿಮ ಘಟ್ಟದ ಬಗೆಗಿನ ಕಸ್ತೂರಿರಂಗನ್ ವರದಿಯ ಸೂಕ್ಷ್ಮ ಪ್ರದೇಶ ಇವೆಲ್ಲ ಪರಿಸರ ಯೋಜನೆ. ಬೆಂಗಳೂರಿನಲ್ಲಿ ಕನ್ಸಲ್ಟೆನ್ಸಿ ಕೆಲಸ ಬೇಗ ಸಿಗಬೇಕು ಎಂಬುದೇ ಗುರಿಯಾದರೆ ಸಾರಿಗೆ ಶಾಖೆಗೆ ಬೇಡಿಕೆ ಚೆನ್ನಾಗಿದೆ, ಗಣಿತ ಮಾತ್ರ ಗಟ್ಟಿ ಇರಬೇಕು. ಮಲೆನಾಡಿನ ಮಟ್ಟಿಗೆ ನನ್ನ ಒಲವು ಪ್ರಾದೇಶಿಕದ ಕಡೆಗೇ. ಇಲ್ಲಿ ಊರು ಎಂಬುದೇ ಒಂದು ಕಡೆ ಗುಂಪಾಗಿ ಇಲ್ಲವಲ್ಲ. ಜನಗಣತಿಯಲ್ಲಿ ಒಂದು ಹಳ್ಳಿ "ಪಟ್ಟಣ" ಎನಿಸಿಕೊಳ್ಳಬೇಕಾದರೆ ಕನಿಷ್ಠ 5,000 ಜನ, ಚದರ ಕಿ.ಮೀ.ಗೆ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಶೇ. 75 ಮಂದಿ ಕೃಷಿಯೇತರ ಕೆಲಸದಲ್ಲಿರಬೇಕು. ಗುಡ್ಡಕ್ಕೊಂದು ಮನೆ, ಮನೆಗೊಂದು ತೋಟ ಇರುವ ಕಡೆ ಸಾಂದ್ರತೆಯ ಲೆಕ್ಕ ಯಾವತ್ತೂ ಕೂಡಿಬರುವುದಿಲ್ಲ. ಪೇಟೆಯ ಸೌಕರ್ಯ ಬೇಕಾದಷ್ಟು ಜನ ಇರುತ್ತಾರೆ, ಕಾಗದದಲ್ಲಿ ಪೇಟೆ ಇರುವುದಿಲ್ಲ. ನಗರ ಯೋಜನೆಯ ಪಠ್ಯ ಈ ತೊಡಕಿನ ಹತ್ತಿರ ಹೆಚ್ಚು ನಿಲ್ಲುವುದಿಲ್ಲ.

ಹೆಜ್ಜೆ 3: ನಿಮ್ಮ ಪದವಿ ನಡೆಯುತ್ತದೆಯೇ?

ಬಿ.ಆರ್ಕ್., ಬಿ.ಪ್ಲ್ಯಾನ್., ಸಿವಿಲ್ ಬಿ.ಇ. ಆಗಿದ್ದರೆ ಬಹುತೇಕ ಎಲ್ಲ ಕಡೆ ನೇರ ಪ್ರವೇಶಕ್ಕೆ ಅರ್ಹರು. ಕಲೆ, ವಿಜ್ಞಾನ ಓದಿದವರಿಗೆ ಒಂದು ಮೆಟ್ಟಿಲು ಹೆಚ್ಚು. ಬಿ.ಎ., ಬಿ.ಎಸ್ಸಿ. ಮಾತ್ರ ಸಾಲದು, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಪರಿಸರ ಯೋಜನೆಗೆ ಪರಿಸರ ವಿಜ್ಞಾನದ ಎಂ.ಎಸ್ಸಿ.ಯನ್ನು ಒಪ್ಪುವ ಕಡೆಗಳಿವೆ. ಎಂ.ಎ. ಆದ ಮೇಲೆ ಮತ್ತೆ ಎರಡು ವರ್ಷವೇ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಆದರೆ ತರಗತಿಯಲ್ಲಿ ಸಮಾಜಶಾಸ್ತ್ರದವರ ಕೈ ಮೇಲಾಗುವ ಸಂದರ್ಭಗಳು ಬೇಕಾದಷ್ಟಿವೆ. ಜನರ ಹತ್ತಿರ ಮಾತಾಡಲು ಬರುವವರು ಸ್ಟುಡಿಯೋಗಳಲ್ಲಿ, ಅಂದರೆ ಗುಂಪಾಗಿ ಸರ್ವೆ ಮಾಡಿ ನಕ್ಷೆ ಬಿಡಿಸುವ ತರಗತಿಗಳಲ್ಲಿ, ಯಾವಾಗಲೂ ಕಡಿಮೆ.

ಅರ್ಹತೆಯ ಪಟ್ಟಿ ಸಂಸ್ಥೆಯಿಂದ ಸಂಸ್ಥೆಗೆ, ಶಾಖೆಯಿಂದ ಶಾಖೆಗೆ ಬೇರೆ. ಆ ವರ್ಷದ ಮಾಹಿತಿ ಪುಸ್ತಕದಲ್ಲಿ ನಿಮ್ಮ ಪದವಿಯ ಹೆಸರು ಅಕ್ಷರಶಃ ಇದೆಯೇ ಎಂದು ನೋಡಿಯೇ ಅರ್ಜಿ ಹಾಕಿ.

ಹೆಜ್ಜೆ 4: ಗೇಟ್

ಕೇಂದ್ರದ ಸಂಸ್ಥೆಗಳಿಗೆ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕವೇ ಮುಖ್ಯ ಬಾಗಿಲು. ನಿಮಗೆ ಬೇಕಾದ ಪತ್ರಿಕೆ "ಆರ್ಕಿಟೆಕ್ಚರ್ ಅಂಡ್ ಪ್ಲ್ಯಾನಿಂಗ್", ಸಂಕೇತ ಎಆರ್. ಪದವಿಯ ಮೂರನೇ ವರ್ಷದಲ್ಲಿರುವವರೂ ಬರೆಯಬಹುದು, ಕಲಾ ಪದವೀಧರರೂ ಬರೆಯಬಹುದು. ಅರ್ಜಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ, ಫಲಿತಾಂಶ ಮಾರ್ಚಿನಲ್ಲಿ. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಡಕೆ ಕೊಯ್ಲಿನ ತಿಂಗಳುಗಳು ಓದಿನ ತಿಂಗಳುಗಳ ಮೇಲೇ ಬಂದು ಬೀಳುತ್ತವೆ. ಕೊನೆ ಇಳಿಸುವ, ಸುಲಿಯುವ ಕೆಲಸ ಇರುವ ಮನೆಯವರು ಮಳೆಗಾಲದಲ್ಲೇ ಅರ್ಧ ಓದು ಮುಗಿಸಿಕೊಳ್ಳುವುದು ಒಳ್ಳೆಯದು.

ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಇದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, 60 ಎಲ್ಲರಿಗೂ ಸಮಾನವಾದ ಭಾಗಕ್ಕೆ, 25 ನೀವು ಆರಿಸಿಕೊಳ್ಳುವ ಭಾಗಕ್ಕೆ. ಆ ಆಯ್ಕೆಯಲ್ಲಿ ವಾಸ್ತುಶಿಲ್ಪ ಬಿಟ್ಟು ಯೋಜನೆಯನ್ನು ಆರಿಸಿ. ನಾಲ್ಕು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಮೂರನೇ ಒಂದು ಪಾಲು ಅಂಕ ಹೋಗುತ್ತದೆ. ಸಂಖ್ಯೆ ಬರೆಯುವ ಪ್ರಶ್ನೆಗೆ ಕಳೆಯುವುದಿಲ್ಲ. ಹಾಗಾಗಿ ಲೆಕ್ಕದ ಪ್ರಶ್ನೆಗಳನ್ನು ಖಾಲಿ ಬಿಡಬೇಡಿ.

ಲೆಕ್ಕಗಳನ್ನು ನಿಮ್ಮ ಊರಿನ ಅಂಕಿ ಹಾಕಿ ಕಲಿತರೆ ಮರೆಯುವುದಿಲ್ಲ. ನಾಲ್ಕು ಉದಾಹರಣೆ:

ಎಫ್‌ಎಆರ್: ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ ಇದು. 30×40 ಸೈಟು ಎಂದರೆ 1,200 ಚದರಡಿ. ಎಫ್‌ಎಆರ್ 1.75 ಆದರೆ ಎಲ್ಲ ಮಹಡಿ ಸೇರಿ 2,100 ಚದರಡಿ ಕಟ್ಟಬಹುದು.

ಮಳೆನೀರಿನ ಹರಿವು: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಬೀಳುವ ಮಳೆಯ ಮಿ.ಮೀ., ಹೆಕ್ಟೇರ್‌ಗಳಲ್ಲಿ ಜಾಗ, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಎಂದು ಸಿಗುತ್ತದೆ. ಹತ್ತು ಹೆಕ್ಟೇರ್ ಜಾಗ, ಗಂಟೆಗೆ 60 ಮಿ.ಮೀ. ಮಳೆ ಎನ್ನಿ. ಹಸಿರು ಜಾಗವೆಂದು ಗುಣಾಂಕ 0.2 ಹಿಡಿದರೆ 0.33, ಅದೇ ಜಾಗ ಲೇಔಟ್ ಆಗಿ ಗುಣಾಂಕ 0.6 ಆದರೆ 1. ಮೂರು ಪಟ್ಟು! ಕೆಳಗಿನ ಬಡಾವಣೆಗೆ ಯಾಕೆ ನೀರು ನುಗ್ಗುತ್ತದೆ ಎಂಬುದರ ಅರ್ಧ ಉತ್ತರ ಈ ಒಂದು ಸಾಲಿನಲ್ಲಿದೆ.

ಊರುಗಳ ಗಾತ್ರದ ನಿಯಮ: ಎರಡನೇ ಊರು ಮೊದಲನೆಯದರ ಅರ್ಧ, ಮೂರನೆಯದು ಮೂರನೇ ಒಂದು ಪಾಲು ಇರಬೇಕು ಎನ್ನುತ್ತದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರ 3,22,650. ಭದ್ರಾವತಿ ಸುಮಾರು ಒಂದೂವರೆ ಲಕ್ಷ, ಅಂದರೆ ನಿಯಮಕ್ಕೆ ಹತ್ತಿರ. ಮೂರನೆಯದು ಲಕ್ಷ ದಾಟಬೇಕಿತ್ತು, ಸಾಗರ ಐವತ್ತು ಸಾವಿರ ಚಿಲ್ಲರೆಗೇ ನಿಂತಿದೆ. ಭದ್ರಾವತಿಯನ್ನು ಕಾರ್ಖಾನೆ ಎತ್ತಿತು, ಸಾಗರವನ್ನು ಎತ್ತುವಂಥದ್ದು ಏನೂ ಬರಲಿಲ್ಲ ಎಂಬುದು ನನ್ನ ಊಹೆ. ನೀವು ಬೇರೆ ಕಾರಣ ಹುಡುಕಬಹುದು.

ಸ್ಥಳೀಯ ಪರಿಣತಿಯ ಲೆಕ್ಕ: ಭದ್ರಾವತಿಯ ಒಟ್ಟು ಕೆಲಸಗಾರರಲ್ಲಿ ಕಾರ್ಖಾನೆಯವರ ಪಾಲನ್ನು, ಇಡೀ ರಾಜ್ಯದ ಕೆಲಸಗಾರರಲ್ಲಿ ಕಾರ್ಖಾನೆಯವರ ಪಾಲಿನಿಂದ ಭಾಗಿಸಿ. ಒಂದಕ್ಕಿಂತ ಹೆಚ್ಚು ಬಂದರೆ ಆ ಊರು ಆ ಕೆಲಸದಲ್ಲಿ ರಾಜ್ಯದ ಸರಾಸರಿಗಿಂತ ಮುಂದಿದೆ ಎಂದರ್ಥ.

ಉಳಿದಂತೆ ಹಳೆಯ ಪ್ರಶ್ನೆಪತ್ರಿಕೆಗಳು, ಕೇಂದ್ರ ಸರ್ಕಾರದ 2014ರ ನಗರ–ಪ್ರಾದೇಶಿಕ ಯೋಜನಾ ಮಾರ್ಗಸೂಚಿ, ಪಂಚಾಯಿತಿ ಮತ್ತು ನಗರಾಡಳಿತಗಳ ಬಗೆಗಿನ ಸಂವಿಧಾನದ 73 ಮತ್ತು 74ನೇ ತಿದ್ದುಪಡಿ. ಕೋಚಿಂಗ್‌ಗೆಂದು ಬೆಂಗಳೂರಿನಲ್ಲಿ ಪಿಜಿ ಹಿಡಿಯುವ ಅಗತ್ಯ ಬಹಳ ಜನಕ್ಕೆ ಇಲ್ಲ.

ಹೆಜ್ಜೆ 5: ಎಲ್ಲಿಗೆ ಅರ್ಜಿ

ದೆಹಲಿ, ಭೋಪಾಲ್, ವಿಜಯವಾಡದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳು, ಅಂದರೆ ಎಸ್‌ಪಿಎಗಳು, ಈ ಓದಿಗೆಂದೇ ಇರುವ ಕೇಂದ್ರ ಸಂಸ್ಥೆಗಳು. ದೆಹಲಿಯದು ಹಳೆಯದು. ಅಲ್ಲಿ ಪ್ರಾದೇಶಿಕ ಯೋಜನೆ ಮತ್ತು ಪರಿಸರ ಯೋಜನೆ ಬೇರೆ ಬೇರೆ ಶಾಖೆಗಳಾಗಿಯೇ ಇವೆ. ಭೋಪಾಲ್ ಮತ್ತು ವಿಜಯವಾಡದವು 2008ರಲ್ಲಿ ಶುರುವಾದವು. ಐಐಟಿಗಳಲ್ಲಿ ಖರಗ್‌ಪುರ ಮತ್ತು ರೂರ್ಕಿ, ಎನ್ಐಟಿಗಳಲ್ಲಿ ಕ್ಯಾಲಿಕಟ್, ಭೋಪಾಲ್, ನಾಗಪುರ, ಸೂರತ್ ಹೆಸರು ಮಾಡಿವೆ. ಎನ್ಐಟಿ ಮತ್ತು ಎಸ್‌ಪಿಎಗಳಿಗೆ ಸಿಸಿಎಂಟಿ ಎಂಬ ಒಂದೇ ಕೌನ್ಸೆಲಿಂಗ್. ಐಐಟಿಗಳಿಗೆ ಬೇರೆ ಬೇರೆ ಅರ್ಜಿ ಹಾಕಿ, ಸೀಟು ಒಪ್ಪಿಕೊಳ್ಳುವುದನ್ನು ಮಾತ್ರ ಸಿಒಎಪಿ ಎಂಬ ಒಂದೇ ಜಾಲತಾಣದಲ್ಲಿ ಮಾಡಬೇಕು. ಅಹಮದಾಬಾದ್‌ನ ಸೆಪ್ಟ್ ವಿಶ್ವವಿದ್ಯಾಲಯಕ್ಕೆ ತನ್ನದೇ ಪ್ರವೇಶ ಕ್ರಮವಿದೆ. ಶುಲ್ಕ ಭಾರಿ, ಸ್ಟುಡಿಯೋ ಕಲಿಕೆಯೂ ಅಷ್ಟೇ ಗಟ್ಟಿ.

ನಮ್ಮ ರಾಜ್ಯದಲ್ಲಿ ಮೊದಲು ನೋಡಬೇಕಾದ್ದು ಮೈಸೂರು ವಿಶ್ವವಿದ್ಯಾಲಯ. ಮಾನಸಗಂಗೋತ್ರಿಯಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯ ಸ್ನಾತಕೋತ್ತರ ಪಾಠ ಬಹಳ ಕಾಲದಿಂದ ನಡೆದುಬಂದಿದೆ. ಅಲ್ಲಿ ಓದಿದರೆ ಕರ್ನಾಟಕದ ಕಾಯ್ದೆ, ಇಲ್ಲಿನ ಇಲಾಖೆ, ಇಲ್ಲಿನ ದಾಖಲೆಗಳು ಪರಿಚಯವಾಗುತ್ತವೆ. ಉತ್ತರದ ಸಂಸ್ಥೆಗಳಲ್ಲಿ ಇದನ್ನು ನೀವೇ ಓದಿಕೊಳ್ಳಬೇಕು. ನಕ್ಷೆ ಮತ್ತು ಉಪಗ್ರಹ ಚಿತ್ರಗಳ ಕೆಲಸವೇ ಇಷ್ಟ ಎನ್ನುವವರಿಗೆ ಡೆಹ್ರಾಡೂನ್‌ನ ಐಐಆರ್‌ಎಸ್ ಇದೆ. ಇಸ್ರೋದ ಸಂಸ್ಥೆ, ಅದರ ಉಚಿತ ಆನ್‌ಲೈನ್ ಪಾಠಗಳನ್ನು ಹೊಸನಗರದಲ್ಲಿ ಕೂತೇ ಕೇಳಬಹುದು, ನೆಟ್‌ವರ್ಕ್ ಸಿಕ್ಕರೆ.

ಬೆಟ್ಟ, ಮಳೆ, ಚದುರಿದ ಮನೆಗಳ ಪ್ರಶ್ನೆ ಹಿಡಿದವರು ಕ್ಯಾಲಿಕಟ್ಟನ್ನು ಪಟ್ಟಿಯಲ್ಲಿ ಮೇಲೆ ಇಟ್ಟುಕೊಳ್ಳಿ ಎನ್ನುತ್ತೇನೆ. ಕೇರಳದಲ್ಲಿ ಹಳ್ಳಿ–ಪೇಟೆ ಬೇರೆಮಾಡಲಾಗದ ಹಾಗೆ ಬೆರೆತಿವೆ, ಘಟ್ಟದ ಭೂಕುಸಿತವೂ ಅವರ ದಿನನಿತ್ಯದ ಪಾಠ.

ಹೆಜ್ಜೆ 6: ಹೊರಡುವ ಮೊದಲು ಒಂದು ಸ್ವಂತ ಸರ್ವೆ

ಇದನ್ನು ಯಾವ ಪ್ರವೇಶ ನಿಯಮವೂ ಕೇಳುವುದಿಲ್ಲ. ಆದರೂ ಇಡೀ ಮಾರ್ಗದರ್ಶಿಯಲ್ಲಿ ನಾನು ಒತ್ತಿ ಹೇಳುವುದು ಇದನ್ನೇ.

ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದು ಹತ್ತಾರು ಊರುಗಳ ಬಗ್ಗೆ ವರದಿ ಬರೆದರು. ಮೊದಲು ಸರ್ವೆ, ಆಮೇಲೆ ಯೋಜನೆ ಎಂಬುದು ಅವರ ಪಟ್ಟು. ಬೆಟ್ಟದ ತುದಿಯಿಂದ ಸಮುದ್ರದವರೆಗೆ ಒಂದು ಕಣಿವೆಯನ್ನು ಅಡ್ಡ ಸೀಳಿ, ಎಲ್ಲೆಲ್ಲಿ ಯಾವ ಕಸುಬಿನವರು ಇದ್ದಾರೆ ಎಂದು ಬರೆಯುವ ಪದ್ಧತಿಯೂ ಅವರದೇ. ನಮ್ಮ ಶರಾವತಿ ಇದಕ್ಕೆ ಹೇಳಿ ಮಾಡಿಸಿದ ಹೊಳೆ: ಅಂಬುತೀರ್ಥ, ಹೊಸನಗರದ ತೋಟಗಳು, ಲಿಂಗನಮಕ್ಕಿ ಹಿನ್ನೀರು, ಜೋಗ, ಗೇರುಸೊಪ್ಪೆ, ಹೊನ್ನಾವರದ ಮೀನುಗಾರರು. ಇಡೀ ಹೊಳೆ ಬೇಡ. ನಿಮ್ಮ ಮನೆಯ ಹತ್ತಿರದ ಒಂದು ಹಳ್ಳ ಸಾಕು.

ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ನಡೆಯಿರಿ. ಕಾನು, ಸೊಪ್ಪಿನಬೆಟ್ಟ, ಮನೆ, ಅಂಗಳ, ತೋಟ, ಗದ್ದೆ, ಹಳ್ಳ. ಈ ಕ್ರಮ ಎಲ್ಲೆಲ್ಲಿ ಮುರಿದಿದೆ ಎಂದು ಗುರುತು ಹಾಕಿ. ಗದ್ದೆಗೆ ಅಡಕೆ ಬಂದಿದೆಯೇ, ಬೆಟ್ಟದಲ್ಲಿ ಅಕೇಶಿಯಾ ಎದ್ದಿದೆಯೇ, ಹಳ್ಳದ ದಂಡೆಯಲ್ಲಿ ರೆಸಾರ್ಟ್ ಬಂದಿದೆಯೇ? ಗ್ರಾಫ್ ಹಾಳೆಯಲ್ಲಿ ಅಡ್ಡಸೀಳಿಕೆ ಬಿಡಿಸಿ. ಎತ್ತರದ ಅಂಕಿ ಉಚಿತ ಉಪಗ್ರಹ ದತ್ತಾಂಶದಿಂದ ಸಿಗುತ್ತದೆ, ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬಹುದು. ದಟ್ಟ ಕಾಡು, ತೋಟ ಇರುವ ಕಡೆ ಆ ಅಂಕಿ ನೆಲದ್ದಲ್ಲ, ಮರದ ತಲೆಯ ಹತ್ತಿರದ್ದು. ನಡೆದು ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ನಂತರ ಕಾಗದ. ಗ್ರಾಮನಕ್ಷೆ, ಪಹಣಿ ತೆಗೆಸಿ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಪಹಣಿಯಲ್ಲಿ ಬರೆದಿರುವ ಬೆಳೆ, ನೆಲದ ಮೇಲೆ ಇರುವ ಬೆಳೆ ಎರಡನ್ನೂ ಅಕ್ಕಪಕ್ಕ ಬರೆಯಿರಿ. ಪಹಣಿಯಲ್ಲಿ ಭತ್ತ, ನೆಲದಲ್ಲಿ ಹತ್ತು ವರ್ಷದ ಅಡಕೆ. ಇಂಥ ವ್ಯತ್ಯಾಸವೇ ನಿಮ್ಮ ಮೊದಲ ಶೋಧ.

ಸಂತೆ ದಿನ ಒಂದು ಬೆಳಗ್ಗೆ ಸಂತೆಯಲ್ಲಿ ಕಳೆಯಿರಿ. ಯಾವೂರಿಂದ ಬಂದಿರಿ, ಬಸ್ಸೋ ಬೈಕೋ ಆಟೋನೋ, ಇಲ್ಲಿ ಸಿಗದೆ ಶಿವಮೊಗ್ಗಕ್ಕೇ ಹೋಗಬೇಕಾದ್ದು ಏನು ಎಂದು ಕೇಳಿ, ಆ ಊರುಗಳಿಂದ ಸಂತೆಗೆ ಗೆರೆ ಎಳೆಯಿರಿ. ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ, ಒಂದೊಂದು ಪೇಟೆಗೆ ಸುತ್ತಲಿನ ಎಷ್ಟು ಜಾಗ ಸೇರುತ್ತದೆ ಎಂದು ತೋರಿಸಲು, ಬಯಲು ಸೀಮೆಯ ಊರುಗಳಿಗೆ ಬಿಡಿಸಿದ ಷಡ್ಭುಜಗಳು ನಮ್ಮ ಘಟ್ಟದಲ್ಲಿ ಎಷ್ಟು ಸೊಟ್ಟಗಾಗುತ್ತವೆ ಎಂದು ನೋಡಿ. ಹೊಳೆ ಅಡ್ಡ ಬಂದ ಕಡೆಯಲ್ಲೆಲ್ಲ ಗೆರೆ ಮುರಿದಿರುತ್ತದೆ.

ಇದನ್ನೇ ಜುಲೈನಲ್ಲಿ ಇನ್ನೊಮ್ಮೆ ಮಾಡಿ. ಕಿಲೋಮೀಟರ್ ಬಿಡಿ, ನಿಮಿಷದಲ್ಲಿ ಅಳೆಯಿರಿ. ಬೇಸಿಗೆಯಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಮಗು ಮಳೆಗಾಲದಲ್ಲಿ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಇರುವ ಕಡೆಗೆ ಸುತ್ತಿ ಹೋಗಬೇಕು. ಸಂಕ ಕೊಚ್ಚಿಹೋದರೆ ಶಾಲೆಯೇ ಇಲ್ಲ. ಶಾಲೆಗಿಷ್ಟು ದೂರ, ಆಸ್ಪತ್ರೆಗಿಷ್ಟು ದೂರ ಎಂಬ ಮಾನದಂಡಗಳೆಲ್ಲ ಒಣಗಿದ ನೆಲದಲ್ಲಿ ಅಳೆದಂಥವು.

ಕೇಳುವ ರೀತಿಯ ಬಗ್ಗೆ ಒಂದು ಮಾತು. "ನಿಮ್ಮ ವಾರ್ಷಿಕ ಆದಾಯ ಎಷ್ಟು?" ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. "ಈ ಸಲ ಕೊಯ್ಲು ಹೆಂಗಾತು ಅಣ್ಣಾ?" ಎಂದು ಶುರುಮಾಡಿ. ಬಗರ್‌ಹುಕುಂ ಜಾಗದ ಮಾತು ಅವರಾಗಿ ಎತ್ತುವವರೆಗೆ ನೀವು ಎತ್ತಬೇಡಿ. ಮೊಬೈಲ್ ಹಿಡಿದು ತೋಟ ಸುತ್ತುವವರನ್ನು ಕಂಡರೆ ಫಾರೆಸ್ಟಿನವರೋ ಸರ್ವೆಯವರೋ ಎಂಬ ಅನುಮಾನ ಇದ್ದದ್ದೇ. ಅದು ಸುಮ್ಮನೆ ಬಂದ ಅನುಮಾನವೂ ಅಲ್ಲ. ಶರಾವತಿ ಮುಳುಗಡೆಯವರು ಅರವತ್ತು ವರ್ಷದ ಮೇಲೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ವರದಿಯಲ್ಲಿ ಸರ್ವೆ ನಂಬರ್, ಹೆಸರು ತೆಗೆದುಬಿಡಿ.

ಇಷ್ಟನ್ನೂ ಎಂಟು–ಹತ್ತು ಪುಟಕ್ಕೆ ಇಳಿಸಿದರೆ ಪೋರ್ಟ್‌ಫೋಲಿಯೋ ಸಿದ್ಧ. ಸಂದರ್ಶನ ಇರುವ ಸಂಸ್ಥೆಗಳಲ್ಲಿ ಮೇಜಿನ ಮೇಲೆ ಅದನ್ನು ಇಟ್ಟರೆ ಮಾತು ನಿಮ್ಮ ನೆಲಕ್ಕೇ ಬರುತ್ತದೆ. ಉದ್ದೇಶ ಪತ್ರದಲ್ಲೂ ಬಾಲ್ಯದ ಮಳೆ, ಹಸಿರು ವರ್ಣಿಸುವ ಬದಲು ಆ ಅಡ್ಡಸೀಳಿಕೆಯ ಬಗ್ಗೆ ನಾಲ್ಕು ಸಾಲು ಬರೆಯಿರಿ.

ಹೆಜ್ಜೆ 7: ಆ ಎರಡು ವರ್ಷ

ನಾಲ್ಕು ಸೆಮಿಸ್ಟರ್. ಪಾಠಕ್ಕಿಂತ ಸ್ಟುಡಿಯೋ ಭಾರ ಹೆಚ್ಚು: ಗುಂಪಾಗಿ ಒಂದು ಊರಿಗೋ ಜಿಲ್ಲೆಗೋ ಹೋಗಿ ಸರ್ವೆ ಮಾಡಿ, ಹಗಲು ರಾತ್ರಿ ನಕ್ಷೆ ಬಿಡಿಸಿ, ಯೋಜನೆ ಮಂಡಿಸುವುದು. ನಡುವಿನ ಬೇಸಿಗೆಯಲ್ಲಿ ಇಂಟರ್ನ್‌ಶಿಪ್, ಕೊನೆಯ ಸೆಮಿಸ್ಟರ್ ಥೀಸಿಸ್‌ಗೆ ಮೀಸಲು. ಡ್ರಾಯಿಂಗ್ ಬಾರದ ಎಂ.ಎ.ಯವರು ಮೊದಲ ಸೆಮಿಸ್ಟರ್‌ನಲ್ಲಿ ಕಂಗಾಲಾಗುತ್ತಾರೆ. ಆರ್ಕಿಟೆಕ್ಚರ್‌ನವರು ಅಂಕಿಅಂಶ, ಅರ್ಥಶಾಸ್ತ್ರದಲ್ಲಿ ಅಷ್ಟೇ ಕಂಗಾಲು. ಪರಸ್ಪರ ಹೇಳಿಕೊಟ್ಟುಕೊಂಡರೆ ಇಬ್ಬರೂ ಪಾರು.

ಹೋಗುವ ಮೊದಲೇ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ಓದಿಕೊಂಡಿರಿ. ಸ್ಥಳೀಯ ಯೋಜನಾ ಪ್ರದೇಶ ಎಂದು ಘೋಷಿಸಿದ ಗಡಿಯೊಳಗೆ ಮಾಸ್ಟರ್ ಪ್ಲ್ಯಾನ್ ಆಗುತ್ತದೆ, ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು, ಭೂಬಳಕೆ ಬದಲಾವಣೆಗೆ 14-ಎ ಕಲಂ. ನಮ್ಮ ಕಡೆ ಈ ಕೆಲಸ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ್ದು, ಜನರ ಬಾಯಲ್ಲಿ ಸೂಡಾ. ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸುವುದು, ಆಗುವುದು ಬೇರೆ ಕಾಯ್ದೆಯಲ್ಲಿ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಸೈಟು ಕೊಂಡು ಪೇಚಾಡುವವರು ಊರ ತುಂಬ ಇದ್ದಾರೆ. ಪ್ಲ್ಯಾನರ್‌ಗೂ ಗೊತ್ತಿಲ್ಲದಿದ್ದರೆ ಹೇಗೆ?

ಯೋಜನಾ ಪ್ರದೇಶದ ಗಡಿ ದಾಟಿದ ಮೇಲೆ ಮಾಸ್ಟರ್ ಪ್ಲ್ಯಾನ್ ಎಂಬುದೇ ಇಲ್ಲ. ಮಲೆನಾಡಿನ ಬಹುಪಾಲು ಆ ಆಚೆಗೇ ಬೀಳುತ್ತದೆ. ಹೋಂಸ್ಟೇ, ರೆಸಾರ್ಟ್, ಧರೆ ಕಡಿಯುವ ಕೆಲಸ ಎಲ್ಲವೂ ಅಲ್ಲೇ ನಡೆಯುವುದು. ಥೀಸಿಸ್ ವಿಷಯ ಹುಡುಕುವವರಿಗೆ ಇದಕ್ಕಿಂತ ಫಲವತ್ತಾದ ಜಾಗ ನನಗೆ ಕಾಣುವುದಿಲ್ಲ.

ಪಶ್ಚಿಮ ಘಟ್ಟದ ವಿಷಯ ಹಿಡಿದರೆ ಗಾಡ್ಗೀಳ್ (2011), ಕಸ್ತೂರಿರಂಗನ್ (2013) ವರದಿಗಳನ್ನು ಮೂಲದಲ್ಲೇ ಓದಿ. ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕೇಂದ್ರದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಸೇರಿದೆ. ನಿಷೇಧವಿರುವುದು ಗಣಿಗಾರಿಕೆ, ಕೆಂಪು ವರ್ಗದ (ಹೆಚ್ಚು ಮಾಲಿನ್ಯದ) ಕೈಗಾರಿಕೆ, 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಕಟ್ಟಡಗಳಂಥವಕ್ಕೆ. ಆದರೆ ಹಳ್ಳಿಯ ಕಟ್ಟೆಯಲ್ಲಿ ಕೂತರೆ ತೋಟವೇ ಹೋಗುತ್ತದೆ ಎಂಬ ಮಾತು ಕೇಳುತ್ತದೆ. ಎರಡು ಎಕರೆ ತೋಟದ ಮನೆಯೊಂದಕ್ಕೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ಒಂದು ಹಳ್ಳಿಯ ಮಟ್ಟದಲ್ಲಿ ಬಿಡಿಸಿ ಬರೆದರೆ ಆ ಥೀಸಿಸ್ ಪರೀಕ್ಷಕರಿಗಿಂತ ಹೆಚ್ಚಾಗಿ ಊರಿನವರಿಗೆ ಬೇಕಾಗುತ್ತದೆ. ಹಾಗಾಗಿ ಅದರ ಹತ್ತು ಪುಟದ ಸಾರವನ್ನು ಕನ್ನಡದಲ್ಲೂ ಸಿದ್ಧಮಾಡಿ ಗ್ರಾಮ ಪಂಚಾಯಿತಿಗೆ ಕೊಟ್ಟು ಬನ್ನಿ.

ದುಡ್ಡು

ಕೇಂದ್ರ ಸಂಸ್ಥೆಗಳಲ್ಲಿ ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿಯ ವಿದ್ಯಾರ್ಥಿವೇತನ ನಡೆದುಬಂದಿದೆ. ನೀವು ಸೇರುವ ಸೀಟಿಗೆ ಅದು ಇದೆಯೇ ಎಂದು ಪ್ರವೇಶಕ್ಕೆ ಮೊದಲೇ ಕಚೇರಿಯಲ್ಲಿ ಕೇಳಿ, ಎಲ್ಲ ಸೀಟಿಗೂ ಇರುವುದಿಲ್ಲ. ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಜಾತಿ–ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಮೇ ತಿಂಗಳೊಳಗೇ ಮಾಡಿಸಿಟ್ಟುಕೊಳ್ಳಿ. ಕೌನ್ಸೆಲಿಂಗ್ ಹೊತ್ತಿಗೆ ಅದಕ್ಕೆ ಓಡಾಡುವುದು ಬೇಡ. ಸ್ಟುಡಿಯೋ ಪ್ರವಾಸ, ಪ್ರಿಂಟ್, ಒಳ್ಳೆ ಲ್ಯಾಪ್‌ಟಾಪ್ ಶುಲ್ಕದ ಪಟ್ಟಿಯಲ್ಲಿ ಕಾಣದ ಖರ್ಚುಗಳು.

ಮುಗಿದ ಮೇಲೆ

ಸರ್ಕಾರದಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಸಹಾಯಕ ನಗರ ಯೋಜಕ ಹುದ್ದೆ, ಕೆಪಿಎಸ್‌ಸಿ ಮೂಲಕ. ಅಧಿಸೂಚನೆ ವರ್ಷ ವರ್ಷ ಬರುವುದಿಲ್ಲ, ಬಂದಾಗ ಅರ್ಹತೆಯ ಸಾಲುಗಳನ್ನು ಎರಡು ಸಲ ಓದಬೇಕು. ಮೂಲ ಪದವಿ ಯಾವುದು ಎಂಬುದರ ಮೇಲೂ ಅರ್ಹತೆ ನಿಂತಿರುತ್ತದೆ. ಎಂ.ಎ. ದಾರಿಯಲ್ಲಿ ಬಂದವರು ಇದನ್ನು ಓದು ಶುರುಮಾಡುವ ಮೊದಲೇ, ಹಳೆಯ ಅಧಿಸೂಚನೆಯೊಂದನ್ನು ಇಟ್ಟುಕೊಂಡು ನೋಡಿಕೊಳ್ಳಿ. 1951ರಲ್ಲಿ ಸ್ಥಾಪನೆಯಾದ ಭಾರತೀಯ ನಗರ ಯೋಜಕರ ಸಂಸ್ಥೆ, ಐಟಿಪಿಐ, ಸದಸ್ಯತ್ವ ಕೊಡುತ್ತದೆ. ಹಲವು ಟೆಂಡರ್‌ಗಳಲ್ಲಿ, ಹುದ್ದೆಗಳಲ್ಲಿ ಅದನ್ನು ಕೇಳುತ್ತಾರೆ. ಸಂಸ್ಥೆಯ ಮಾನ್ಯತೆ ಇರುವ ಕೋರ್ಸಿಗೇ ಸೇರಿ.

ಬಹುಪಾಲು ಜನ ಮೊದಲು ಸೇರುವುದು ಬೆಂಗಳೂರಿನ ಕನ್ಸಲ್ಟೆನ್ಸಿಗಳಿಗೆ. ಮಾಸ್ಟರ್ ಪ್ಲ್ಯಾನ್, ಸಾರಿಗೆ ಅಧ್ಯಯನ, ನೀರು–ಒಳಚರಂಡಿ ಯೋಜನೆಗಳ ಕೆಲಸ ಅಲ್ಲಿ ಸಿಗುತ್ತದೆ. ಕೆಲಸ ಒಪ್ಪಿಕೊಳ್ಳುವ ಮೊದಲು ಅವರು ಮುಗಿಸಿದ ಒಂದು ವರದಿ ಕೇಳಿ ಪಡೆದು ಓದಿ. ಒಂದು ಊರಿನ ವರದಿಯ ಪ್ಯಾರಾಗಳು ಇನ್ನೊಂದು ಊರಿನ ವರದಿಯಲ್ಲಿ ಹೆಸರು ಮಾತ್ರ ಬದಲಾಗಿ ಕೂತಿದ್ದರೆ ಬೇರೆ ಕಡೆ ನೋಡಿ. ಶಿವಮೊಗ್ಗದಲ್ಲೇ ಉಳಿಯಬೇಕೆನ್ನುವವರು ಸೂಡಾ, ಮಹಾನಗರ ಪಾಲಿಕೆ, ನಗರದಲ್ಲೇ ಕೇಂದ್ರ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಜಿಲ್ಲಾ ಪಂಚಾಯಿತಿಗಳ ಗುತ್ತಿಗೆ ಹುದ್ದೆಗಳ ಮೇಲೆ ಕಣ್ಣಿಡಿ. ಸಂಬಳ ಕಡಿಮೆ, ಆದರೆ ಕಡತ ಹೇಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅಲ್ಲಿ ಆರು ತಿಂಗಳಲ್ಲಿ ಗೊತ್ತಾಗುತ್ತದೆ. ಸೂಡಾ ಮಾಸ್ಟರ್ ಪ್ಲ್ಯಾನ್ ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಾಗ ಮಾತ್ರ, ಕೆಲಸ ಇರಲಿ ಬಿಡಲಿ, ನಕ್ಷೆ ನೋಡಿ ಸರ್ವೆ ನಂಬರ್ ಸಮೇತ ಬರೆದು ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.